ಕಸದ ಲೆಕ್ಕದಲ್ಲಿ ಸೇರದ ರಸ್ತೆ

ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಒಂದಲ್ಲ ಒಂದು ತಿರುವಿನಲ್ಲಿ ಕಾಂಪ್ಯಾಕ್ಟರ್ ಲಾರಿ ಬಂದು ನಿಲ್ಲುತ್ತದೆ. ಮನೆಮನೆಯ ಕಸ ತುಂಬಿಕೊಂಡ ಆಟೋ ಟಿಪ್ಪರ್‌ಗಳು ಒಂದರ ಹಿಂದೊಂದು ರಿವರ್ಸ್ ಬಂದು, ಅದರ ಹಿಂಬದಿಯ ತೊಟ್ಟಿಗೆ ಕಸ ಸುರಿಯುತ್ತವೆ. ಜಾರಿಬಿದ್ದ ಕವರು, ಎಳನೀರು ಬುರುಡೆಗಳನ್ನು ಪೌರಕಾರ್ಮಿಕರು ಕೈಯಿಂದಲೇ ಎತ್ತಿ ಒಳಗೆ ಹಾಕುತ್ತಾರೆ. ಹೈಡ್ರಾಲಿಕ್ ಫಲಕ ಕೆಳಗಿಳಿದು ಕಸವನ್ನು ಒಳಕ್ಕೆ ಒತ್ತುತ್ತದೆ. ಒತ್ತಿದಷ್ಟು ಸಲವೂ ಕಸದಿಂದ ಹಿಂಡಿದ ಕಪ್ಪು ನೀರು ಡಾಂಬರಿನ ಮೇಲೆ ಸೋರುತ್ತದೆ. ತುಂಬಿದ ಲಾರಿ ಹೊರಟುಹೋದ ಮೇಲೆ ಅದು ನಿಂತಿದ್ದ ಜಾಗವನ್ನು ಬಗ್ಗಿ ನೋಡಬೇಕು. ಚಕ್ರ ನಿಂತ ಕಡೆ ಡಾಂಬರು ತುಸು ಕುಸಿದಿರುತ್ತದೆ, ಪಕ್ಕಕ್ಕೆ ಉಬ್ಬಿರುತ್ತದೆ, ನಡುವೆ ಮೊಸಳೆಯ ಬೆನ್ನಿನಂಥ ಬಿರುಕು ಹರಡಿರುತ್ತದೆ. ಆ ಬಿರುಕಿನೊಳಕ್ಕೆ ಕಪ್ಪು ನೀರು ಇಳಿಯುತ್ತಿರುತ್ತದೆ.

ಬೀದಿ ಚೊಕ್ಕಟವಾಯಿತು. ಬೀದಿಗೆ ಆದ ಪೆಟ್ಟನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಇಂದಿನ ಮಾತು ಆ ಪೆಟ್ಟಿನ ಬಗ್ಗೆ. ಭಾರಿ ಕಸದ ಲಾರಿ ರಸ್ತೆಯನ್ನು ಎಷ್ಟು ಸವೆಸುತ್ತದೆ, ಆ ಸವೆತಕ್ಕೆ ಹಣ ಕೊಡುವವರು ಯಾರು, ಆ ಹಣವನ್ನು ಕಸದ ಖರ್ಚಿನಲ್ಲಿ ಸೇರಿಸಿ ನೋಡಿದರೆ ಏನು ಕಾಣುತ್ತದೆ ಎಂಬುದೇ ವಿಷಯ.

ರಸ್ತೆ ಸವೆಯುವುದು ಗಾಡಿಗಳ ಸಂಖ್ಯೆಯಿಂದಲೋ ತೂಕದಿಂದಲೋ ಎಂಬ ಪ್ರಶ್ನೆ ಹಳೆಯದು. ಅದಕ್ಕೆ ಅಳೆದು ತೂಗಿ ಉತ್ತರ ಕೊಟ್ಟದ್ದು ಅಮೆರಿಕದ ಒಂದು ದೊಡ್ಡ ಪ್ರಯೋಗ. ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಬಳಿ, ಅಲ್ಲಿನ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ ‘ಆಶೋ’ ಆರು ಸುತ್ತುದಾರಿಗಳನ್ನು ಕಟ್ಟಿಸಿತು. ಡಾಂಬರಿನ ತುಂಡುಗಳು, ಕಾಂಕ್ರೀಟಿನ ತುಂಡುಗಳು, ಕೆಳಗೆ ಬೇರೆ ಬೇರೆ ದಪ್ಪದ ಜಲ್ಲಿಯ ಪದರಗಳು, ಹೀಗೆ ನೂರಾರು ಬಗೆ. 1958ರ ಅಕ್ಟೋಬರ್‌ನಿಂದ 1960ರ ನವೆಂಬರ್‌ವರೆಗೆ ಸೈನ್ಯದ ಚಾಲಕರು ಈ ದಾರಿಗಳಲ್ಲಿ ಹಗಲೂ ರಾತ್ರಿ ಲಾರಿ ಸುತ್ತಿಸಿದರು. ಒಂದು ದಾರಿಗೆ ಮಾತ್ರ ಗಾಡಿಯನ್ನೇ ಬಿಡಲಿಲ್ಲ. ಬರೀ ಮಳೆ, ಹಿಮ, ಬಿಸಿಲಿಗೆ ರಸ್ತೆ ಎಷ್ಟು ಹಾಳಾಗುತ್ತದೆ ಎಂದು ನೋಡಲು ಅದನ್ನು ಹಾಗೇ ಬಿಟ್ಟಿದ್ದರು. ಉಳಿದ ದಾರಿಗಳಲ್ಲಿ ಓಡಿದ ಅತಿ ಹಗುರ ಆಕ್ಸಲ್‌ನ ಭಾರ ಸುಮಾರು 900 ಕಿಲೊ. ಅತಿ ಭಾರದ ಒಂಟಿ ಆಕ್ಸಲ್ ಸುಮಾರು 13,600 ಕಿಲೊ. ಆಕ್ಸಲ್ ಅಂದರೆ ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು. ಪ್ರಯೋಗ ಮುಗಿಯುವಾಗ, ಕೊನೆಯವರೆಗೆ ಉಳಿದ ತುಂಡುಗಳ ಮೇಲೆ 11 ಲಕ್ಷಕ್ಕೂ ಹೆಚ್ಚು ಸಲ ಆಕ್ಸಲ್ ಉರುಳಿತ್ತು. ಒಟ್ಟು ಖರ್ಚು ಸುಮಾರು 2 ಕೋಟಿ 70 ಲಕ್ಷ ಡಾಲರ್.

ಸಿಕ್ಕ ಉತ್ತರ ಹೀಗಿತ್ತು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು 16 ಪಟ್ಟಾಗುತ್ತದೆ. ಮೂರು ಪಟ್ಟಾದರೆ 81 ಪಟ್ಟು. ಭಾರದ ಅಂಕಿಯನ್ನು ನಾಲ್ಕು ಸಲ ಬರೆದು ಗುಣಿಸಿದ ಹಾಗೆ ಸವೆತ ಏರುವುದರಿಂದ ಇದಕ್ಕೆ ನಾಲ್ಕನೇ ಘಾತದ ನಿಯಮ ಎಂಬ ಹೆಸರು ಬಂತು. ಇದು ಸ್ಥೂಲ ನಿಯಮ. ರಸ್ತೆಯ ಬಗೆ, ಮಣ್ಣಿನ ಗುಣ ಬದಲಾದರೆ ಅಂಕಿ ತುಸು ಹೆಚ್ಚುಕಡಿಮೆ ಆಗುತ್ತದೆ. ಆದರೂ ಅರವತ್ತು ವರ್ಷಗಳಿಂದ ಜಗತ್ತಿನ ಅನೇಕ ರಸ್ತೆ ಎಂಜಿನಿಯರುಗಳು ಲೆಕ್ಕ ಹಾಕುವುದು ಇದರ ಆಧಾರದ ಮೇಲೆಯೇ.

ಅದೇ ಪ್ರಯೋಗ ಇನ್ನೊಂದು ಸಂಗತಿಯನ್ನೂ ತೋರಿಸಿತು. ಡಾಂಬರು ರಸ್ತೆಗಳು ಹೆಚ್ಚಾಗಿ ಕಿತ್ತುಹೋದದ್ದು ವಸಂತಕಾಲದಲ್ಲಿ, ನೆಲದಲ್ಲಿ ಹೆಪ್ಪುಗಟ್ಟಿದ್ದ ಹಿಮ ಕರಗಿ ಅಡಿಮಣ್ಣು ನೀರುಂಡಿದ್ದಾಗ. ಕರ್ನಾಟಕದಲ್ಲಿ ಹಿಮ ಬೀಳದಿರಬಹುದು, ಆದರೆ ಜೂನ್‌ನಿಂದ ನವೆಂಬರ್‌ವರೆಗೆ ಅಡಿಮಣ್ಣು ನೆನೆದಿರುತ್ತದೆ. ಕಸ ಅತಿ ಭಾರವಾಗುವುದೂ ಆಗಲೇ.

ಒಂದು ಟನ್ ತೂಕದ ಸಣ್ಣ ಕಾರಿನ ಒಂದೊಂದು ಆಕ್ಸಲ್ ಮೇಲೂ ಸುಮಾರು ಅರ್ಧ ಟನ್ ಭಾರ ಬೀಳುತ್ತದೆ. ತುಂಬಿದ ಲಾರಿಯ ಹಿಂದಿನ ಆಕ್ಸಲ್ ಮೇಲೆ ಬೀಳುವ ಭಾರ ಹತ್ತು ಟನ್ ಎಂದಿಟ್ಟುಕೊಳ್ಳೋಣ. ಭಾರ 20 ಪಟ್ಟು. ನಿಯಮದ ಪ್ರಕಾರ ಸವೆತ 1 ಲಕ್ಷ 60 ಸಾವಿರ ಪಟ್ಟು. ರಸ್ತೆಗುಂಡಿಗೆ ದಿನವೂ ಕಾರು, ಸ್ಕೂಟರುಗಳ ದಟ್ಟಣೆಯನ್ನು ದೂರುವವರು ಈ ಅಂಕಿಯನ್ನು ಒಮ್ಮೆ ಗಮನಿಸಬೇಕು. ಸ್ಕೂಟರು, ಕಾರುಗಳು ರಸ್ತೆಯಲ್ಲಿ ಜಾಗ ತಿನ್ನುತ್ತವೆ, ರಸ್ತೆಯನ್ನು ತಿನ್ನುವುದು ಭಾರದ ಆಕ್ಸಲ್.

ಭಾರತದ ರಸ್ತೆ ವಿನ್ಯಾಸವೂ ಇದೇ ಹಾದಿಯದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ಎರಡು ಬದಿಯಲ್ಲೂ ಜೋಡಿ ಟೈರ್ ಇರುವ, 8.16 ಟನ್ ಹೊತ್ತ ಒಂಟಿ ಆಕ್ಸಲ್ ಒಂದು ಮಾನಕ. ಒಂದು ರಸ್ತೆ ತನ್ನ ಆಯುಸ್ಸಿನಲ್ಲಿ ಇಂತಹ ಎಷ್ಟು ಆಕ್ಸಲ್‌ಗಳನ್ನು ತಾಳಬೇಕು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಜಲ್ಲಿ ಮತ್ತು ಡಾಂಬರಿನ ದಪ್ಪ ನಿರ್ಧರಿಸುತ್ತಾರೆ. 2018ಕ್ಕೆ ಮುಂಚಿನ ಹಳೆಯ ಮಿತಿಯಂತೆ 16.2 ಟನ್ ತೂಗುವ ಆರು ಚಕ್ರದ ಲಾರಿಯಲ್ಲಿ ಮುಂದಿನ ಆಕ್ಸಲ್ ಮೇಲೆ 6 ಟನ್, ಹಿಂದಿನದರ ಮೇಲೆ 10.2 ಟನ್. ಹಿಂದಿನ ಆಕ್ಸಲ್ ಒಂದೇ ಸುಮಾರು ಎರಡೂವರೆ ಮಾನಕ ಆಕ್ಸಲ್‌ಗಳಷ್ಟು ಸವೆಸುತ್ತದೆ. ಮುಂದಿನದನ್ನೂ ಸೇರಿಸಿದರೆ, ಲಾರಿ ಒಂದು ಸಲ ಹಾದುಹೋಗುವುದೆಂದರೆ ಸುಮಾರು ಮೂರು ಮಾನಕ ಆಕ್ಸಲ್ ಉರುಳಿದ ಹಾಗೆ. ಇದು ಕಾನೂನಿನ ಮಿತಿಯೊಳಗೆ ತುಂಬಿದ ಲಾರಿಯ ಮಾತು. ಅದೇ ಲಾರಿಗೆ ನೂರಕ್ಕೆ ಇಪ್ಪತ್ತು ಹೆಚ್ಚು ಹೇರಿದರೆ ಸವೆತ ನೂರಕ್ಕೆ ಇಪ್ಪತ್ತು ಏರಿ ನಿಲ್ಲುವುದಿಲ್ಲ, ಇಮ್ಮಡಿಯಾಗುತ್ತದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಭಾರ ಏರಿದ್ದು ನೂರಕ್ಕೆ ಹದಿಮೂರರ ಹತ್ತಿರ. ಅದರಿಂದ ಏರುವ ಸವೆತ ನೂರಕ್ಕೆ ಅರವತ್ತರಷ್ಟು. ಅದಕ್ಕೂ ಮೊದಲು ಹಾಕಿದ ರಸ್ತೆಗಳ ದಪ್ಪ ಹಳೆಯದೇ.

ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಸವೆತ ನಿಂತಿರುವುದು ಲಾರಿಯ ಒಟ್ಟು ತೂಕದ ಮೇಲಲ್ಲ, ಒಂದೊಂದು ಆಕ್ಸಲ್‌ಗೆ ಬೀಳುವ ಪಾಲಿನ ಮೇಲೆ. ಹಳೆಯ ಮಿತಿಯ 25 ಟನ್ ತೂಗುವ ಹತ್ತು ಚಕ್ರದ ಲಾರಿ ಹಿಂದೆ ಎರಡು ಆಕ್ಸಲ್ ಹೊಂದಿರುವುದರಿಂದ, ರಸ್ತೆಗೆ ಅದು ಮಾಡುವ ಹಾನಿ 16.2 ಟನ್‌ನ ಆರು ಚಕ್ರದ ಲಾರಿಯ ಹಾನಿಗೆ ಹೆಚ್ಚೂಕಡಿಮೆ ಸಮ. ಅಷ್ಟೇ ಹಾನಿಗೆ ಒಂಬತ್ತು ಟನ್‌ನಷ್ಟು ಹೆಚ್ಚು ತೂಕ ಸಾಗುತ್ತದೆ. ಟೆಂಡರಿನಲ್ಲಿ ಯಾವ ಲಾರಿ ಬೇಕೆಂದು ಬರೆಯುವ ಒಂದು ಸಾಲಿನಲ್ಲಿಯೇ ರಸ್ತೆಯ ಎಷ್ಟೋ ವರ್ಷಗಳ ಆಯುಸ್ಸು ಅಡಗಿರುತ್ತದೆ.

ಮರಳು, ಸಿಮೆಂಟು, ಕಬ್ಬು ಸಾಗಿಸುವ ಲಾರಿಗಳೂ ಭಾರವೇ. ಕಸದ ಲಾರಿಯನ್ನೇ ಬೇರೆಯಾಗಿ ಎತ್ತಿ ಮಾತಾಡಬೇಕಾದ ಕಾರಣಗಳಿವೆ. ಮೊದಲನೆಯದು, ಕಾಂಪ್ಯಾಕ್ಟರಿನ ಉಕ್ಕಿನ ಪೆಟ್ಟಿಗೆ ಮತ್ತು ಒತ್ತುಯಂತ್ರದ ತೂಕವೇ ಹಲವು ಟನ್. ಖಾಲಿ ಗಾಡಿಯೇ ಭಾರ. ಕಾನೂನಿನ ಮಿತಿಯೊಳಗೆ ಕಸಕ್ಕೆ ಉಳಿಯುವ ಪಾಲು ಕಡಿಮೆ. ಯಂತ್ರ ಮಾತ್ರ ಒತ್ತಿದಷ್ಟೂ ಒಳಗೆ ಸೇರಿಸುತ್ತಲೇ ಹೋಗುತ್ತದೆ. ಎರಡನೆಯದು, ಒತ್ತುಯಂತ್ರ, ತೊಟ್ಟಿ ಎಲ್ಲ ಹಿಂಭಾಗದಲ್ಲಿ ಜೋತುಬಿದ್ದಿರುವುದರಿಂದ ತೂಕ ಹಿಂದಿನ ಆಕ್ಸಲ್ ಮೇಲೆ ಹೇರಿಕೊಳ್ಳುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ದಾಟಿರಬಹುದು. ಮೂರನೆಯದು ನಡಿಗೆ. ಡಾಂಬರು ವೇಗವಾಗಿ ಉರುಳುವ ಚಕ್ರವನ್ನು ತಾಳಿಕೊಂಡಷ್ಟು, ನಿಂತ ಅಥವಾ ತೆವಳುವ ಭಾರವನ್ನು ತಾಳಿಕೊಳ್ಳದು. ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೆ ಭಾರದ ಚಕ್ರ ಗಂಟೆಗಟ್ಟಲೆ ನಿಂತರೆ ಅಲ್ಲಿ ಹಳ್ಳ ಬೀಳುತ್ತದೆ. ನಿಂತು ಹೊರಡುವಾಗ, ಬ್ರೇಕ್ ಒತ್ತುವಾಗ, ಇಕ್ಕಟ್ಟಿನ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸುವಾಗ ಮೇಲ್ಪದರ ಎಳೆದಂತಾಗಿ ಕಿತ್ತುಬರುತ್ತದೆ.

ನಾಲ್ಕನೆಯದು ಸೋರುವ ನೀರು. ಬೆಂಗಳೂರಿನ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ತರಕಾರಿ ಸಿಪ್ಪೆ, ಅನ್ನ, ಹಣ್ಣು, ಬಾಳೆಎಲೆಯ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ಜಲ್ಲಿಕಲ್ಲಿಗೆ ಅಂಟಿಕೊಂಡ ಡಾಂಬರನ್ನು ಬಿಡಿಸುವ ಶಕ್ತಿ ನೀರಿಗಿದೆ. ಬಿರುಕಿನಲ್ಲಿ ಇಳಿದ ನೀರು ಅಡಿಯ ಪದರವನ್ನು ಸಡಿಲಿಸುತ್ತದೆ, ಮೇಲೆ ಉರುಳಿದ ಚಕ್ರ ಅದನ್ನು ಹಿಸುಕಿ ಕಲ್ಲುಗಳನ್ನು ಬೇರ್ಪಡಿಸುತ್ತದೆ. ಸೋರಿದ ಆ ನೀರಿನ ಮೇಲೆ ಸಾಗುವ ಸ್ಕೂಟರ್ ಸವಾರರು ಜಾರಿಬೀಳುವ ಅಪಾಯ ಬೇರೆ.

ಇದರಲ್ಲಿ ಚಾಲಕರದ್ದಾಗಲಿ ಪೌರಕಾರ್ಮಿಕರದ್ದಾಗಲಿ ತಪ್ಪಿಲ್ಲ. ನಗರ ಏಳುವ ಮುನ್ನ ಎದ್ದು ನಗರದ ಕೊಳೆಯನ್ನು ಹೊರುವವರು ಅವರು. ಎಷ್ಟು ತುಂಬಬೇಕು, ಎಲ್ಲಿ ನಿಲ್ಲಿಸಬೇಕು, ಎಷ್ಟು ದೂರ ಒಯ್ಯಬೇಕು ಎಂಬುದನ್ನು ತೀರ್ಮಾನಿಸುವವರು ಬೇರೆಯವರು.

ದೂರದ ಕಥೆ ಬೆಂಗಳೂರಿನ ಕಸದ ಕಥೆಯೇ. ನಗರದಲ್ಲಿ ದಿನಕ್ಕೆ ಸುಮಾರು 5 ಸಾವಿರ ಟನ್ ಕಸ ಹುಟ್ಟುತ್ತದೆ. ಯಲಹಂಕದ ಆಚೆಯ ಮಾವಳ್ಳಿಪುರಕ್ಕೆ ಹೋಗುತ್ತಿದ್ದ ಲಾರಿಗಳು ಊರಿನವರ ಹೋರಾಟದಿಂದ 2012ರಲ್ಲಿ ನಿಂತವು. ಕಸ ಸುರಿಯುತ್ತಿದ್ದ ಇನ್ನೊಂದು ಊರಾದ ಮಂಡೂರಿನ ಜನ 2014ರಲ್ಲಿ ರಸ್ತೆಗಿಳಿದ ಮೇಲೆ ಆ ವರ್ಷದ ಡಿಸೆಂಬರಿಗೆ ಅಲ್ಲಿಯೂ ಬಾಗಿಲು ಮುಚ್ಚಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳು. ಮತ್ತೊಂದು ಕಡೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಟಕಗಳವರೆಗೂ ಲಾರಿಗಳು ಓಡಿದವು. ಒಂದೊಂದು ಊರು ಬಾಗಿಲು ಮುಚ್ಚಿದಾಗಲೂ ದಾರಿ ಬದಲಾಯಿತು, ಹಲವು ಸಲ ಉದ್ದವೂ ಆಯಿತು. ನಾತ, ನೊಣ, ಕೆಟ್ಟ ಅಂತರ್ಜಲದ ಬಗ್ಗೆ ಆ ಊರುಗಳವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಊರ ರಸ್ತೆಗಳ ಮೇಲೆ ಆದ ಖರ್ಚನ್ನು ಯಾರೂ ಅಷ್ಟು ಜೋರಾಗಿ ಕೇಳಲಿಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. ಹಳ್ಳಿಯ ರಸ್ತೆಯೊಂದನ್ನು ಅದರ ಇಡೀ ಆಯುಸ್ಸಿಗೆ 10 ಲಕ್ಷ ಮಾನಕ ಆಕ್ಸಲ್ ತಾಳುವಂತೆ ಕಟ್ಟಿದ್ದಾರೆ ಎಂದುಕೊಳ್ಳೋಣ. ಕಡಿಮೆ ಸಂಚಾರದ ಗ್ರಾಮೀಣ ರಸ್ತೆಗೆ ಇದು ಉದಾರವಾದ ಅಂದಾಜೇ. ಹಾಲಿನ ವ್ಯಾನು, ಟ್ರ್ಯಾಕ್ಟರು, ದಿನಕ್ಕೆ ನಾಲ್ಕಾರು ಬಸ್ಸು ಓಡುವ ಆ ದಾರಿಯಲ್ಲಿ ದಿನಕ್ಕೆ 200 ತುಂಬಿದ ಕಸದ ಲಾರಿಗಳು ಬರತೊಡಗಿದರೆ, ಒಂದಕ್ಕೆ ಮೂರರಂತೆ ದಿನಕ್ಕೆ 600 ಮಾನಕ ಆಕ್ಸಲ್. ವರ್ಷಕ್ಕೆ 2 ಲಕ್ಷ 19 ಸಾವಿರ. ಕಾನೂನಿನ ಮಿತಿಯೊಳಗೇ ತುಂಬಿದರೂ ನಾಲ್ಕೂವರೆ ವರ್ಷಕ್ಕೆ ರಸ್ತೆ ಮುಗಿಯುತ್ತದೆ. ಎಲ್ಲ ಲಾರಿಗಳೂ ನೂರಕ್ಕೆ ಇಪ್ಪತ್ತು ಹೆಚ್ಚು ತುಂಬಿದರೆ ಎರಡು ವರ್ಷ ಕಳೆಯುತ್ತಿದ್ದಂತೆ ಮುಗಿಯುತ್ತದೆ. ಉಳಿದದ್ದು ಜಲ್ಲಿ, ಧೂಳು, ಮಳೆಗಾಲದಲ್ಲಿ ಕೆಸರು. ಶಾಲೆಗೆ ಹೋಗುವ ಮಕ್ಕಳು, ಹಾಲಿನ ಡೇರಿಗೆ ಕ್ಯಾನ್ ಒಯ್ಯುವ ಹೆಂಗಸರು ನಡೆಯಬೇಕಾದದ್ದು ಅದರ ಮೇಲೆಯೇ.

ಇನ್ನು ಹಣದ ವಿಚಾರ. ಕಸ ಸಾಗಿಸಿದ್ದಕ್ಕೆ ಬಿಲ್ ಆಗುವುದು ಘನತ್ಯಾಜ್ಯ ನಿರ್ವಹಣೆಯ ಖಾತೆಯಲ್ಲಿ. ಬಡಾವಣೆಯ ರಸ್ತೆಗೆ ಡಾಂಬರು ಬೀಳುವುದು ಪಾಲಿಕೆಯ ರಸ್ತೆ ಕಾಮಗಾರಿಯ ಖಾತೆಯಿಂದ. ನಗರ ದಾಟಿದ ಮೇಲಿನ ರಸ್ತೆ ಲೋಕೋಪಯೋಗಿ ಇಲಾಖೆಗೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಗೋ ಸೇರಿದ್ದು. ಮೂರು ಖಾತೆಗಳು ಒಂದರ ಮುಖ ಒಂದು ನೋಡುವುದಿಲ್ಲ. ಹಾಗಾಗಿ ಕಸವನ್ನು ಐವತ್ತು ಕಿಲೋಮೀಟರ್ ದೂರ ಸಾಗಿಸುವ ಯೋಜನೆಯ ಪಕ್ಕದಲ್ಲಿ ವಾರ್ಡಿನೊಳಗೇ ಗೊಬ್ಬರ ಮಾಡುವ ಯೋಜನೆಯನ್ನು ಇಟ್ಟು ಹೋಲಿಸಿದಾಗ, ಮೊದಲನೆಯದರ ಬೆಲೆ ಕಡಿಮೆಯಾಗಿ ಕಾಣುತ್ತದೆ. ಅದರ ಒಂದು ದೊಡ್ಡ ಬಾಬು ಇನ್ನೊಬ್ಬರ ಪುಸ್ತಕದಲ್ಲಿ ಬರೆದಿದೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳಿಗೆ ಕಟ್ಟಡದ ವಿಸ್ತೀರ್ಣದ ಮೇಲೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಕಸದ ಬಳಕೆದಾರರ ಶುಲ್ಕ ಬಂದಿದೆ. ಅದನ್ನು ಕಟ್ಟುವ ಗೃಹಸ್ಥರು ಕಸದ ಪೂರ್ತಿ ಬೆಲೆ ತೆತ್ತೆವೆಂದು ನಂಬುತ್ತಾರೆ. ತಮ್ಮ ಬೀದಿಯ ಗುಂಡಿ, ಮಿಟ್ಟಗಾನಹಳ್ಳಿಯವರ ದಾರಿಯ ಗುಂಡಿ ಆ ಬೆಲೆಯ ಹೊರಗೇ ಉಳಿದಿದೆ.

ಈ ಖರ್ಚನ್ನು ಲೆಕ್ಕಕ್ಕೆ ತಂದುಕೊಂಡ ಊರುಗಳೂ ಇವೆ. ಅಮೆರಿಕದ ಮಿನಸೋಟ ರಾಜ್ಯದ ರಾಜಧಾನಿ ಸೇಂಟ್ ಪಾಲ್‌ನಲ್ಲಿ ಪ್ರತಿ ಮನೆಯವರೂ ತಮಗೆ ಬೇಕಾದ ಕಸದ ಕಂಪನಿಯನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ ಇತ್ತು. ಒಂದೇ ಓಣಿಗೆ ವಾರದಲ್ಲಿ ಹಲವು ಕಂಪನಿಗಳ ಭಾರಿ ಲಾರಿಗಳು ಬಂದುಹೋಗುತ್ತಿದ್ದವು. 2018ರ ಅಕ್ಟೋಬರ್ 1ರಿಂದ ಆ ನಗರ ಕಂಪನಿಗಳಿಗೆ ಪ್ರದೇಶವಾರು ಹಂಚಿಕೊಟ್ಟು, ಒಂದು ಓಣಿಗೆ ಒಂದೇ ಲಾರಿ ಬರುವಂತೆ ಮಾಡಿತು. ಗದ್ದಲ, ಹೊಗೆ ಮತ್ತು ರಸ್ತೆಯ ಸವೆತ ಕಡಿಮೆಯಾಗುತ್ತವೆ ಎಂಬುದು ಆ ಬದಲಾವಣೆಯ ಪರ ಎತ್ತಿದ ವಾದ. ವಿರೋಧ ಜೋರಾಗಿತ್ತು, ಕೋರ್ಟಿಗೂ ಹೋಯಿತು. 2019ರ ನವೆಂಬರಿನಲ್ಲಿ ಜನರ ಮತಕ್ಕೆ ಹಾಕಿದಾಗ ಹೊಸ ವ್ಯವಸ್ಥೆಯೇ ಗೆದ್ದಿತು. ರಸ್ತೆಯ ಸವೆತ ಅಲ್ಲಿ ಮತದಾರರ ಮುಂದೆ ಚರ್ಚೆಯ ವಿಷಯವಾಗಿ ಬಂತು.

ಕರ್ನಾಟಕದಲ್ಲಿಯೂ ದಾರಿ ತೋರಿಸಿದವರಿದ್ದಾರೆ. ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ಸುತ್ತಲಿನ ಬಡಾವಣೆಗಳ ಕಸವನ್ನು ಅಲ್ಲೇ ವಿಂಗಡಿಸುತ್ತದೆ. ಹಸಿ ಕಸ ಗೊಬ್ಬರವಾಗುತ್ತದೆ, ಪ್ಲಾಸ್ಟಿಕ್, ಕಾಗದ, ಗಾಜು ಮಾರಾಟಕ್ಕೆ ಹೋಗುತ್ತವೆ. ಬೆಂಗಳೂರಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಲ್ಲೇ ಶುರುವಾಯಿತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳಿವೆ. ಹಸಿ ಕಸ ಗೊಬ್ಬರವಾಗುವಾಗ ಅದರ ನೀರು ಆರಿ ತೂಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ವಾರ್ಡಿನಲ್ಲೇ ಗೊಬ್ಬರವಾದ ಒಂದು ಟನ್ ಕಸ ಎಂದರೆ, ಹೆದ್ದಾರಿ ಹತ್ತದ ಅರ್ಧ ಟನ್‌ಗೂ ಮಿಕ್ಕ ತೂಕ. ಅಪಾರ್ಟ್‌ಮೆಂಟ್, ಹೋಟೆಲ್‌ಗಳಂಥ ಹೆಚ್ಚು ಕಸ ಮಾಡುವ ಕಡೆ ಹಸಿ ಕಸವನ್ನು ಸಾಧ್ಯವಾದಷ್ಟು ಸ್ಥಳದಲ್ಲೇ ಸಂಸ್ಕರಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಇಂಥ ನಿಯಮವನ್ನು ನಾತದ ಪ್ರಶ್ನೆ ಎಂದೇ ಜಾರಿ ಮಾಡುತ್ತ ಬಂದದ್ದಾಗಿದೆ. ರಸ್ತೆಯ ಪ್ರಶ್ನೆಯಾಗಿಯೂ ಜಾರಿ ಮಾಡಬೇಕು.

ಆಟೋ ಟಿಪ್ಪರ್ ಇಲ್ಲಿ ರಸ್ತೆಯ ಮಿತ್ರ. ತುಂಬಿದ ಟಿಪ್ಪರಿನ ಹಿಂದಿನ ಆಕ್ಸಲ್ ಮೇಲಿನ ಭಾರ ಒಂದು ಟನ್‌ನ ಆಸುಪಾಸು. ಹತ್ತು ಟನ್ ಹೊತ್ತ ಕಾಂಪ್ಯಾಕ್ಟರ್ ಆಕ್ಸಲ್‌ಗೆ ಹೋಲಿಸಿದರೆ ಅದರ ಸವೆತ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ತೆಳು ಡಾಂಬರಿನ ಒಳಬೀದಿಗಳಿಗೆ ಟಿಪ್ಪರ್, ಗಟ್ಟಿಯಾಗಿ ಕಟ್ಟಿದ ಮುಖ್ಯರಸ್ತೆಗೆ ಕಾಂಪ್ಯಾಕ್ಟರ್ ಎಂಬ ವಿಭಜನೆ ಸರಿಯಾದದ್ದೇ. ಕೆಡುವುದು ಎರಡೂ ಭೇಟಿಯಾಗುವ ಜಾಗ. ಬೀದಿಯ ತಿರುವಿನ ಬದಲು ಕಾಂಕ್ರೀಟ್ ನೆಲ, ಸೋರಿದ ನೀರು ಹಿಡಿಯುವ ಗುಂಡಿ, ಮೇಲೆ ಚಾವಣಿ ಇರುವ ವರ್ಗಾವಣೆ ಕೇಂದ್ರದಲ್ಲಿ ಕಸ ಕೈ ಬದಲಾಗಬೇಕು. ಅಂತಹ ಕೇಂದ್ರ ಬೇಡವೆಂದು ಬಡಾವಣೆಯವರು ತಡೆದರೆ ಅದರ ಬದಲು ಸಿಗುವುದು ತಮ್ಮದೇ ಬೀದಿಯ ಮೂಲೆಯಲ್ಲಿ ನಿಲ್ಲುವ ಕಾಂಪ್ಯಾಕ್ಟರ್.

ಮಿತಿಮೀರಿದ ಭಾರವನ್ನು ಹಿಡಿಯಲು ಹೊಸ ಯಂತ್ರವೂ ಬೇಕಿಲ್ಲ. ಕಸದ ಘಟಕಕ್ಕೆ ಬರುವ ಲಾರಿ ವೇ-ಬ್ರಿಡ್ಜ್ ತೂಕಯಂತ್ರ ಏರಿ, ಗಾಡಿ ನಂಬರು, ತುಂಬಿದ ತೂಕ, ಖಾಲಿ ತೂಕ ಬರೆದ ಚೀಟಿ ಪಡೆಯುತ್ತದೆ. ಟನ್ ಲೆಕ್ಕದ ಬಿಲ್ಲಿಗೆ ಆಧಾರ ಆ ಚೀಟಿಯೇ. ಮೋಟಾರು ವಾಹನ ಕಾಯ್ದೆಯ 194ನೇ ಕಲಂ 2019ರ ತಿದ್ದುಪಡಿಯ ನಂತರ ಹೆಚ್ಚುವರಿ ಭಾರಕ್ಕೆ 20 ಸಾವಿರ ರೂಪಾಯಿ, ಮೇಲಿನ ಪ್ರತಿ ಟನ್‌ಗೆ 2 ಸಾವಿರ ರೂಪಾಯಿ ದಂಡ ಹೇಳುತ್ತದೆ. ಹೆಚ್ಚು ತಂದವರಿಗೆ ಹೆಚ್ಚು ಹಣ ಕೊಡುವ ಚೀಟಿಯೇ ಹೆಚ್ಚು ತಂದದ್ದಕ್ಕೆ ಸಾಕ್ಷಿಯೂ ಹೌದು. ಮಿತಿ ಮೀರಿದ ಟನ್‌ಗೆ ಬಿಲ್ ಇಲ್ಲ ಎಂಬ ಒಂದು ಷರತ್ತನ್ನು ಟೆಂಡರಿಗೆ ಸೇರಿಸಿದರೆ ಹೆಚ್ಚು ತುಂಬುವ ಲಾಭವೇ ಹೋಗುತ್ತದೆ.

2025ರ ಸೆಪ್ಟೆಂಬರಿನಿಂದ ಬೆಂಗಳೂರಿನಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಕಸ ಸಾಗಣೆಯ ಮುಂದಿನ ಟೆಂಡರುಗಳಲ್ಲಿ ಟನ್ನಿಗೆ ಇಷ್ಟು ಎಂಬ ದರದ ಕೆಳಗೆ ರಸ್ತೆಯ ಸವೆತಕ್ಕೆ ಇಷ್ಟು ಎಂಬ ಇನ್ನೊಂದು ಸಾಲು ಇರಲಿ, ಆ ಹಣ ಲಾರಿ ಹಾದುಹೋಗುವ ಊರಿನ ರಸ್ತೆಗೇ ಹೋಗಲಿ. ಕೇಳುಗರು ತಮ್ಮ ಮನೆಯ ಹಸಿ ಕಸವನ್ನು ಬೇರೆ ಇಡಲಿ, ಜಾಗವಿದ್ದವರು ಮನೆಯಲ್ಲೇ ಗೊಬ್ಬರ ಮಾಡಲಿ. ತಮ್ಮ ಬೀದಿಗೆ ಹೊಸ ಡಾಂಬರು ಬೀಳುವ ದಿನ ವಾರ್ಡಿನ ಎಂಜಿನಿಯರ್ ಅವರನ್ನು ಎರಡು ಪ್ರಶ್ನೆ ಕೇಳಲಿ: ಈ ರಸ್ತೆ ಎಷ್ಟು ಭಾರಕ್ಕೆ ಕಟ್ಟಿದ್ದು? ಇದರ ಮೇಲೆ ಬರುವ ಕಸದ ಲಾರಿ ಎಷ್ಟು ತೂಗುತ್ತದೆ?